ದೇವನೂರಿನ ಜಗ್ಗು, ತಲಕಾಡಿನ ಜಗ್ಗು

ಉಗಿಯುವುದನ್ನು ಅಷ್ಟು ಅಚ್ಚುಕಟ್ಟಾಗಿ ಮಾಡುತ್ತಿದ್ದ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ. ಕಾಫಿಯನ್ನು ಚಮಚದಿಂದ ಸುರ್ರೆಂದು ಎಳೆದು, ಬಾಯೊಳಗೆ ಎರಡು ಸುತ್ತು ತಿರುಗಿಸಿ, ಒಂದು ತೊಟ್ಟೂ ಗಲ್ಲಕ್ಕೆ ತಾಗದ ಹಾಗೆ ಎರಡಡಿ ದೂರದ ಹಿತ್ತಾಳೆ ಪಾತ್ರೆಗೆ ಬಿಡುತ್ತಿದ್ದರು. ಹಾಕುತ್ತಿದ್ದದ್ದು ಯಾವಾಗಲೂ ಬಿಳಿ ಅಂಗಿ. ಮೂವತ್ತೊಂದು ವರ್ಷ ದಿನಕ್ಕೆ ನೂರಾರು ಸಲ ಕಾಫಿ ಉಗಿದ ಆ ಮನುಷ್ಯನ ಅಂಗಿಯ ಮೇಲೆ ಕಲೆ ಕಂಡವರಿಲ್ಲ.

ಅವರು ಹೋಗಿ ನಲವತ್ತು ದಿನವಾಯಿತು. ಅವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯೋಣ ಅಂತ ಕೂತೆ. ಬರೆಯಲು ಹೊರಟರೆ ನನ್ನ ಬಗ್ಗೆ ಒಂದು ಕೆಟ್ಟ ಮಾತೂ ಬರೆಯಬೇಕಾಗುತ್ತದೆ. ಎರಡನ್ನೂ ಬೇರೆ ಮಾಡಲು ನೋಡಿದೆ, ಆಗಲಿಲ್ಲ. ಇರಲಿ, ಒಟ್ಟಿಗೇ ಬರಲಿ.

ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದ ಒಂದು ಕಾಫಿ ಕಾರ್ಖಾನೆಯಲ್ಲಿ ಅವರು ರುಚಿ ನೋಡುವ ಲ್ಯಾಬಿನ ಮುಖ್ಯಸ್ಥರು. ನಾನು ಪರ್ಚೇಸ್ ವಿಭಾಗ. ಅಂದರೆ ಊರೂರು ಸುತ್ತಿ ಬೀಜ ಕೊಂಡು ತರುವವನು ನಾನು, ತಂದದ್ದು ಸರಿಯಿಲ್ಲ ಅಂತ ಹೇಳುವವರು ಅವರು. ನಮ್ಮಿಬ್ಬರ ಸಂಬಂಧ ಹೇಗಿತ್ತು ಅನ್ನುವುದಕ್ಕೆ ಇಷ್ಟು ಸಾಕು. ಅವರಿಗೆ ಮನುಷ್ಯರ ಹೆಸರು ನೆನಪಿರುತ್ತಿರಲಿಲ್ಲ, ವಿಭಾಗದ ಹೆಸರಿಂದಲೇ ಕೂಗುತ್ತಿದ್ದರು.

"ಏನ್ರೀ ಪರ್ಚೇಸು, ಈ ಸಲ ತಂದಿರೋದು ಕಾಫೀನೋ, ಸೌದೆ ಪುಡೀನೋ?"

ಲೋಡಿಂಗಿನ ಹುಡುಗರು ಅವರನ್ನು 'ರುಚಿ ಸಾಯೇಬ್ರು' ಅನ್ನುತ್ತಿದ್ದರು. ಕಳಲೆಯ ದೇವಸ್ಥಾನದ ಮನೆತನ. ತಂದೆ, ಅಜ್ಜ ಎಲ್ಲ ಪೂಜೆ ಮಾಡಿಕೊಂಡು ಬಂದವರು. ಇವರು ಮಾತ್ರ ಕೆಮಿಸ್ಟ್ರಿ ಓದಿ, ಮೂಗನ್ನೇ ನಂಬಿ ಬದುಕಿದರು. ಆ ಮೂಗಿಗಾಗಿ ಅವರು ಮಾಡುತ್ತಿದ್ದ ಪಥ್ಯ ಬಾಣಂತಿಯೂ ಮಾಡಲಾರಳು. ಕೆಲಸದ ದಿನ ಈರುಳ್ಳಿ ಇಲ್ಲ, ಮುಖಕ್ಕೆ ಪೌಡರ್ ಇಲ್ಲ, ತಲೆಗೆ ಕೊಬ್ಬರಿ ಎಣ್ಣೆ ಇಲ್ಲ. ಲ್ಯಾಬಿನ ಬಾಗಿಲ ಹೊರಗೆ ಸಾಲಾಗಿ ಐದು ಮೊಳೆ ಹೊಡೆಸಿದ್ದರು. ಒಳಗೆ ಕೆಲಸ ಮಾಡುವ ಹೆಣ್ಣುಮಕ್ಕಳು ಮುಡಿದ ಮಲ್ಲಿಗೆಯನ್ನು ಅಲ್ಲಿ ತೂಗುಹಾಕಿ ಬರಬೇಕು, ಸಂಜೆ ಹೋಗುವಾಗ ಮತ್ತೆ ಮುಡಿದುಕೊಳ್ಳಬೇಕು. ಯಾರ ಹೂವು ಯಾವ ಮೊಳೆ ಅಂತ ಒಂದು ದಿನವೂ ಜಗಳವಾಗಲಿಲ್ಲ.

ಮನೆಯಲ್ಲಿ ಇನ್ನೂ ಬಿಗಿ. ಪೂಜೆಗೆ ಊದುಬತ್ತಿ ಹಚ್ಚುವಂತಿಲ್ಲ. ಅವರ ಹೆಂಡತಿ ಒಮ್ಮೆ ನನ್ನೆದುರೇ ದೂರು ಹೇಳಿಕೊಂಡರು. "ನೋಡಿ, ದೇವಸ್ಥಾನದ ಮನೆಗೆ ಸೊಸೆಯಾಗಿ ಬಂದು ಒಂದು ಊದುಬತ್ತಿ ಹಚ್ಚೋ ಭಾಗ್ಯ ಇಲ್ಲ ನನಗೆ."

"ದೇವರಿಗೆ ದೀಪ ಇದೆ, ತುಳಸಿ ಇದೆ, ಸಾಕು ಕಣೇ" ಅಂದರು ಅವರು. "ವಾಸನೆ ನೋಡೋ ಡ್ಯೂಟಿ ಅವನದ್ದಲ್ಲ, ನಂದು."

ರಸಬಾಳೆಯ ವಿಷಯದಲ್ಲಿ ಅವರ ಹತ್ತಿರ ಯಾರ ಆಟವೂ ನಡೆಯುತ್ತಿರಲಿಲ್ಲ. ಒಮ್ಮೆ ಕ್ಯಾಂಟೀನಿನಲ್ಲಿ ಯಾರೋ ಒಂದು ಚಿಪ್ಪು ತಂದಿಟ್ಟರು. ಸಿಪ್ಪೆ ಸುಲಿಯದೆ, ತೊಟ್ಟಿನ ಹತ್ತಿರ ಮೂಗಿಟ್ಟು, "ಗಿಡ ನಮ್ಮದೇ. ಬೆಳೆದಿದ್ದು ಬೇರೆ ಕಡೆ" ಅಂದರು. ತಂದವನು ತಲೆ ಕೆರೆದುಕೊಂಡು, ಕಂದು ತಗೊಂಡುಹೋಗಿ ಸತ್ಯಮಂಗಲದ ಕಡೆ ಹಾಕಿದ ಭಾವನ ತೋಟದ್ದು ಸಾರ್ ಅಂತ ಒಪ್ಪಿಕೊಂಡ. "ಹಣ್ಣು ಒಂದೇ ಕಣ್ರೀ, ಮಣ್ಣು ಬೇರೆ" ಅನ್ನುವುದು ಅವರ ಮಾತು. ಕಾಫಿಗೂ ಅದನ್ನೇ ಹೇಳುತ್ತಿದ್ದರು.

ಅವರ ಲ್ಯಾಬಿನಲ್ಲಿ ಒಂದು ಕಪ್ಪು ಬೋರ್ಡು ಇತ್ತು. ಅದರ ಕೆಲಸ ಒಂದೇ, ತಪ್ಪು ಬರೆಯುವುದು. ಬೇರೆಯವರ ತಪ್ಪಲ್ಲ, ತಮ್ಮದು. 'ನಿನ್ನೆ ನಾಲ್ಕನೇ ಕಪ್ಪಿನ ಕಾಫಿ ನಾನು ತಪ್ಪು ಹೇಳಿದ್ದೆ. ಹುಳಿ ಇರಲಿಲ್ಲ' ಅಂತ ಬರೆದು ಕೆಳಗೆ ಇನಿಷಿಯಲ್ ಹಾಕುತ್ತಿದ್ದರು. ಲೋಡಿಂಗಿನವರು, ಕಸ ಗುಡಿಸುವವರು ಎಲ್ಲ ಓದಿಕೊಂಡು ಓಡಾಡುತ್ತಿದ್ದರು. ನಾಚಿಕೆಯಾಗಲ್ವೇ ಸಾರ್ ಅಂತ ನಾನೇ ಕೇಳಿದ್ದೆ.

"ತಪ್ಪು ಬೆಳಗಾಗೋದರೊಳಗೆ ಹೇಳಿಬಿಡಬೇಕು ಕಣ್ರೀ ಪರ್ಚೇಸು. ಆಮೇಲೆ ಅದು ಆರಿದ ಕಾಫಿ. ಬಾಯಿಗಿಡೋಕಾಗಲ್ಲ."

ಈ ಮಾತನ್ನು ನಾನು ಕಿವಿಯಾರೆ ಕೇಳಿಸಿಕೊಂಡಿದ್ದೇನೆ. ಕೇಳಿಲ್ಲ ಅನ್ನುವ ಹಾಗಿಲ್ಲ.

ನನಗೆ ಅವರ ಮೇಲೆ ಒಂದು ಹಳೆಯ ಸಿಟ್ಟಿತ್ತು. ನಾನು ಕೊಡಗಿನಿಂದ ತಂದ ಒಂದು ದೊಡ್ಡ ಲಾಟನ್ನು ಅವರು ಒಂದೇ ಮಾತಿನಲ್ಲಿ ವಾಪಸ್ ಕಳಿಸಿದರು. "ಮೂರನೇ ಕಪ್ಪು. ಒದ್ದೆ ಗೋಣಿ ವಾಸನೆ." ನಾನು ಕೂಗಾಡಿದೆ. ಅವರು ಚಮಚ ಒರೆಸಿಕೊಳ್ಳುತ್ತಾ, "ನಿಮ್ಮ ಮೇಲೆ ನಂಗೇನೂ ಇಲ್ಲ ಕಣ್ರೀ, ಕಪ್ಪಿನ ಮೇಲೆ" ಅಂದರು. ನನಗೆ ಮೆಮೋ ಬಂತು, ಆ ವರ್ಷದ ಪ್ರಮೋಷನ್ ಹೋಯಿತು. ಬೀಜ ಕೊಂಡ ಗೋದಾಮಿನ ಮೂಲೆಯಲ್ಲಿ ನೆನೆದ ಗೋಣಿಗಳನ್ನು ನಾನೇ ಕಣ್ಣಾರೆ ಕಂಡಿದ್ದೆ, ಏನೂ ಆಗಲ್ಲ ಬಿಡು ಅಂತ ಸಹಿ ಹಾಕಿದ್ದೆ. ಆದರೂ ಸಿಟ್ಟು ಅವರ ಮೇಲೆಯೇ. ಮನುಷ್ಯನ ಬುದ್ಧಿ ನೋಡಿ.

ರಿಟೈರ್ ಆದ ಮೇಲೂ ಕಾರ್ಖಾನೆಯವರು ಅವರನ್ನು ಬಿಡಲಿಲ್ಲ. ವಾರಕ್ಕೆರಡು ದಿನ ಬಂದು ಹೊಸಬರಿಗೆ ಕಲಿಸಬೇಕು, ದೊಡ್ಡ ಲಾಟುಗಳಿಗೆ ಕೊನೆಯ ಮಾತು ಅವರದ್ದೇ. ನಾನು ಅದೇ ವರ್ಷ ರಿಟೈರಾಗಿ ನಮ್ಮೂರು ತಿ. ನರಸೀಪುರಕ್ಕೆ ಬಂದು ಕೂತೆ. ನನ್ನನ್ನು ಯಾರೂ ಕರೆಯಲಿಲ್ಲ.

ಮೂರು ವರ್ಷದ ಹಿಂದಿನ ಮಾತು. ಪಕ್ಕದ ಮನೆಯ ಡಾಕ್ಟರು ಹೆಂಡತಿ ಜೊತೆ ಯುರೋಪ್ ಟೂರ್ ಹೋಗಿ ಬಂದರು. ಬರುವಾಗ ಫ್ರಾನ್ಸಿನಿಂದ ಒಂದು ಬಾಟಲಿ ಕೆಂಪು ವೈನು ತಂದರು. ಪಿನೋ ನ್ವಾರ್ ಅಂತ ಒಂದು ಜಾತಿ ದ್ರಾಕ್ಷಿಯದಂತೆ. ಡಾಕ್ಟರಿಗೆ ಹೊಸ ಹುಚ್ಚು. ಫ್ರಾನ್ಸು, ಇಟಲಿ ಇಂಥ ತಲೆತಲಾಂತರದಿಂದ ವೈನು ಮಾಡುವ ದೇಶಗಳದ್ದು ಹಳೇ ಲೋಕದ ವೈನು, ನ್ಯೂಜಿಲೆಂಡು, ಅಮೆರಿಕ ಇವುಗಳದ್ದು ಹೊಸ ಲೋಕದ ವೈನು, ಒಂದೇ ದ್ರಾಕ್ಷಿಯಾದರೂ ರುಚಿ ಬೇರೆ, ಅಕ್ಕಪಕ್ಕ ಇಟ್ಟು ನೋಡಬೇಕು ಅಂತ ಪಾಠ ಮಾಡಿದರು. ನಮ್ಮ ರೈಸ್ ಮಿಲ್ಲಿನ ಗೌಡರು ಮೈಸೂರಿಗೆ ಹೋಗಿ ಅದೇ ದ್ರಾಕ್ಷಿಯ ನ್ಯೂಜಿಲೆಂಡ್ ಬಾಟಲಿ ತಂದರು. ಶನಿವಾರ ಸಂಜೆ ನಮ್ಮ ಮನೆಯಲ್ಲಿ ಊಟ ಅಂತಾಯಿತು. ರುಚಿ ನೋಡುವವರನ್ನೇ ಕರೆಸೋಣ ಅಂದವನು ನಾನು. ಯಾಕೆ ಅಂದೆ? ಅವರ ಮೂಗನ್ನು ನನ್ನ ಸ್ನೇಹಿತರಿಗೆ ತೋರಿಸಬೇಕೆಂಬ ಹೆಮ್ಮೆಯೂ ಇತ್ತು. ಎಲ್ಲಾದರೂ ಒಂದು ಕಡೆ ಅದು ಜಾರಿದರೆ ನೋಡೋಣ ಎಂಬ ಆಸೆಯೂ ಇತ್ತು.

ಫೋನ್ ಮಾಡಿ ಅವರನ್ನು ಕೇಳಿದೆ. ಜನ್ಮದಲ್ಲಿ ಕುಡಿದವರಲ್ಲ. "ಗಂಟಲಿಂದ ಕೆಳಗಿಳೀದಿದ್ರೆ ಕುಡಿದ ಹಾಗಲ್ಲ ಅಲ್ವೇ? ಬರ್ತೀನಿ. ಉಗಿಯೋಕೆ ಒಂದು ಪಾತ್ರೆ ಇಟ್ಟಿರಿ" ಅಂದರು. ನಮ್ಮಜ್ಜಿಯ ಎಲೆಅಡಿಕೆ ಕಾಲದ ಪಿಕದಾನಿ ಅಟ್ಟದ ಮೇಲಿತ್ತು. ನನ್ನ ಹೆಂಡತಿ ಅದನ್ನು ಇಳಿಸಿ ಹುಣಸೆಹಣ್ಣು ಹಾಕಿ ತಿಕ್ಕಿದಳು. ಅವರಿಗೋಸ್ಕರ ಅಡುಗೆಯೂ ಪೂರ್ತಿ ಸಸ್ಯಾಹಾರ. ಗೌಡರು ಮುಖ ಸಿಂಡರಿಸಿದರು. "ಕೋಳಿ ಇಲ್ದೆ ಪಿನೋ ಗಿನೋ ಏನ್ಲಾ? ಅವರೆಕಾಳ್ ಉಪ್ಪಿಟ್ಗೆ ವೈನಾ?"

ಯಾವುದು ಯಾವ ವೈನು ಅಂತ ತಿಳಿಯದ ಹಾಗೆ ಎರಡು ಸ್ಟೀಲ್ ಜಗ್ಗಿಗೆ ಸುರಿಯುವುದು ನನ್ನ ಪಾಲಿಗೆ ಬಂತು. ನಮ್ಮ ಗೃಹಪ್ರವೇಶಕ್ಕೆ ಬಂದ ಉಡುಗೊರೆ ಜಗ್ಗುಗಳು ಅವು. ಒಂದು ತಲಕಾಡಿನ ಸೋದರಮಾವ ಕೊಟ್ಟದ್ದು, ಇನ್ನೊಂದು ದೇವನೂರಿನ ಚಿಕ್ಕಮ್ಮ ಕೊಟ್ಟದ್ದು. ಒಂದೇ ಅಂಗಡಿಯಲ್ಲಿ ಕೊಂಡಿರಬೇಕು, ಒಂದೇ ಅಳತೆ, ಒಂದೇ ಹಿಡಿ. ತಳದಲ್ಲಿ ಚುಕ್ಕಿಚುಕ್ಕಿಯಾಗಿ ಕೆತ್ತಿಸಿದ ಹೆಸರು, ಊರು ಮಾತ್ರ ಬೇರೆ. ಸೋದರಮಾವ ಹಿರಿಯರು, ತಲಕಾಡೂ ಹಳೇ ಊರು, ಹಳೇ ಲೋಕದ್ದು ಆ ಜಗ್ಗಿಗೆ ಅಂತ ಬೆಳಿಗ್ಗೆಯಿಂದಲೇ ಲೆಕ್ಕ ಹಾಕಿಕೊಂಡಿದ್ದೆ. ಸುರಿಯುವ ಹೊತ್ತಿಗೆ ನೋಡಿದರೆ ಹೆಂಡತಿ ಅದರಲ್ಲಿ ಮಧ್ಯಾಹ್ನ ಮಜ್ಜಿಗೆ ಮಾಡಿಟ್ಟು, ಆಗ ತಾನೇ ತೊಳೆಯುತ್ತಿದ್ದಳು. ಸರಿ, ಫ್ರಾನ್ಸಿನದನ್ನು ದೇವನೂರಿನ ಜಗ್ಗಿಗೆ ಸುರಿದೆ. ತೊಳೆದು ಬಂದ ತಲಕಾಡಿನ ಜಗ್ಗಿಗೆ ನ್ಯೂಜಿಲೆಂಡಿನದು. ಮರೆತುಹೋದೀತು ಅಂತ ಅಡುಗೆಮನೆಯ ಕ್ಯಾಲೆಂಡರಿನ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದೂ ಇಟ್ಟೆ.

ಎಲ್ಲರೂ ಬರುವ ಮುಂಚೆ ನಾನೂ ಗೌಡರೂ ಎರಡೆರಡು ಪೆಗ್ಗು ರಮ್ಮು ಹಾಕಿದ್ದೆವು. ಅದನ್ನೂ ಹೇಳಿಬಿಡಬೇಕು.

ಅವರು ಬಂದರು. ಅದೇ ಬಿಳಿ ಅಂಗಿ. ಗೌಡರು ಬಳಿದುಕೊಂಡಿದ್ದ ಸೆಂಟಿಗೆ ಮೂಗು ಮುರಿದು, ಗೌಡರನ್ನು ಕಿಟಕಿ ಪಕ್ಕಕ್ಕೆ ಕೂರಿಸಿದರು. ಮೊದಲ ಲೋಟ ಎತ್ತಿ ಮೂಸಿದರು. ಸುರ್ರೆಂದು ಎಳೆದರು. ಪಿಕದಾನಿಗೆ ಬಿಟ್ಟರು. ಡಾಕ್ಟರ ಮುಖ ನೋಡಬೇಕಿತ್ತು. ಪ್ಯಾರಿಸ್ಸಿನಿಂದ ಎದೆಗವಚಿಕೊಂಡು ತಂದದ್ದೋ ಏನೋ ಕಣ್ಣೆದುರೇ ಪಿಕದಾನಿ ಸೇರುತ್ತಿದೆ.

"ಇದು ಮಾತು ಕಡಿಮೆ" ಅಂದರು ಕಣ್ಣು ಮುಚ್ಚಿಕೊಂಡು. "ಹಣ್ಣು ಮುಂದೆ ಬರ್ತಾ ಇಲ್ಲ. ಅಣಬೆ ಇದೆ. ನೆನೆದ ತರಗೆಲೆ ಇದೆ. ಕೊನೇಲಿ ಬೀಟ್‌ರೂಟ್ ಬೇಯಿಸಿದ ನೀರು."

ಬಾಯಿ ತೊಳೆದುಕೊಂಡು ಎರಡನೆಯದಕ್ಕೆ ಹೋದರು. "ಇದು ಬಾಗಿಲಲ್ಲೇ ನಿಂತು ಕರೀತಾ ಇದೆ. ನೇರಳೆ ಹಣ್ಣು, ಸಕ್ಕರೆ ಪಾಕ." ಮತ್ತೆ ಮೂಸಿ, ಅಡುಗೆಮನೆ ಕಡೆ ತಿರುಗಿದರು. "ಅಮ್ಮಾ, ಈ ಜಗ್ಗಲ್ಲಿ ಮಧ್ಯಾಹ್ನ ಮಜ್ಜಿಗೆ ಇತ್ತೇ?"

ನನ್ನ ಹೆಂಡತಿ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. "ಅಯ್ಯೋ ಸಾರ್, ಎರಡು ಸಲ ತೊಳ್ದಿದೀನಿ!"

ಎಲ್ಲರೂ ಚಪ್ಪಾಳೆ ತಟ್ಟಿದೆವು. ಅಷ್ಟು ಹೊತ್ತಿಗಾದರೂ ನನ್ನ ತಲೆಗೆ ಹೊಳೆಯಬೇಕಿತ್ತು. ಮಜ್ಜಿಗೆ ಇದ್ದದ್ದು ತಲಕಾಡಿನ ಜಗ್ಗು, ಅದಕ್ಕೆ ಸುರಿದದ್ದು ನ್ಯೂಜಿಲೆಂಡು. ಹೊಳೆಯಲಿಲ್ಲ.

"ಮೊದಲನೇದು ಹಳೇದು, ಫ್ರಾನ್ಸು. ಎರಡನೇದು ಹೊಸದು" ಅಂದರು.

ನಾನು ಮೊದಲ ಜಗ್ಗಿನಲ್ಲಿ ಉಳಿದದ್ದನ್ನು ಗೌಡರ ಲೋಟಕ್ಕೆ ಬಗ್ಗಿಸಿ, ಜಗ್ಗನ್ನು ಮಗುಚಿ ತಳ ಓದಿದೆ. ದೇವನೂರು. ಬೆಳಗಿನ ಲೆಕ್ಕವೇ ತಲೆಯಲ್ಲಿ ಕೂತಿತ್ತು, ಹಳೇದು ತಲಕಾಡು ಅಂತ. "ತಪ್ಪು ಸಾರ್! ಇದು ನ್ಯೂಜಿಲೆಂಡು!" ಅಂತ ಮೇಜು ಕುಟ್ಟಿದೆ.

"ಅಯ್ಯೋ ಸಾ, ಮೂಗ್ಗೂ ಪಿಂಚಣಿ ಆಗೋಯ್ತು ಕಣಿ!" ಅಂತ ಗೌಡರು ಹೊಟ್ಟೆ ಹಿಡಿದುಕೊಂಡು ನಕ್ಕರು. ಗೌಡರದ್ದು ತಮಾಷೆ. ನನ್ನದಲ್ಲ. ನಾನು ಹೇಳಿದ್ದು ಇದು: "ಈ ಮೂಗು ನಂಬ್ಕೊಂಡು ನನ್ನ ಎಷ್ಟು ಲಾಟು ವಾಪಸ್ ಕಳಿಸಿದ್ರಿ ಸಾರ್, ಮೂವತ್ತು ವರ್ಷ?"

ಅವರು ನಗಲಿಲ್ಲ, ಸಿಟ್ಟೂ ಮಾಡಿಕೊಳ್ಳಲಿಲ್ಲ. ಎರಡೂ ಲೋಟಗಳನ್ನು ಮತ್ತೆ ಎಳೆದುಕೊಂಡರು. ನಾವು ಊಟಕ್ಕೆ ಕೂತು ಎರಡನೇ ಸಲ ಪಲ್ಯ ಹಾಕಿಸಿಕೊಂಡರೂ ಅವರು ಆ ಲೋಟಗಳ ಮುಂದೆಯೇ ಇದ್ದರು. ಕೊನೆಗೆ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು.

"ತಪ್ಪು ಮಾಡಿದೀನಿ ಕಣ್ರೀ, ಸರಿ. ಲ್ಯಾಬಲ್ಲೂ ಮಾಡಿದೀನಿ. ಆದ್ರೆ ಎರಡನೇ ಸಲ ನೋಡಿದ್ರೆ ಎಲ್ಲಿ ತಪ್ಪಿದೆ ಅಂತ ಗೊತ್ತಾಗೋದು. ಈಗ ಮೂರು ಸಲ ನೋಡ್ದೆ, ಹಾಗೇ ಕಾಣ್ತಿದೆ. ತಪ್ಪು ಎಲ್ಲಿದೆ ಅಂತಾನೇ ಸಿಗ್ತಿಲ್ಲ."

ಊಟ ಮಾಡಿದ ಹಾಗೆ ಮಾಡಿ, ಎಂಟೂವರೆಯ ಬಸ್ಸಿಗೆ ಹೊರಟುಹೋದರು.

ಮಾರನೆಯ ಬೆಳಿಗ್ಗೆ ಗ್ಯಾಸ್ ಸಿಲಿಂಡರ್ ಬದಲಾಯಿಸಿ, ತಾರೀಕು ಗುರುತು ಹಾಕಲು ಕ್ಯಾಲೆಂಡರಿಗೆ ಹೋದೆ. ನನ್ನದೇ ಅಕ್ಷರ. 'ದೇವನೂರು: ಫ್ರಾನ್ಸ್. ತಲಕಾಡು: ನ್ಯೂಜಿಲೆಂಡ್.' ಆರೂ ಮುಕ್ಕಾಲು ಗಂಟೆ, ರೇಡಿಯೋದಲ್ಲಿ ವಾರ್ತೆ ಬರುತ್ತಿತ್ತು. ಹೆಂಡತಿ ನನ್ನ ಮುಖ ನೋಡಿ, ಕ್ಯಾಲೆಂಡರ್ ನೋಡಿ, "ಮೊದ್ಲು ಫೋನ್ ಮಾಡ್ರೀ" ಅಂದಳು. ನಂಬರ್ ಒತ್ತಿದೆ. ಒಂದು ರಿಂಗ್ ಆಗುವಷ್ಟರಲ್ಲಿ ಕಟ್ ಮಾಡಿದೆ. ಭಾನುವಾರ, ಮಲಗಿರುತ್ತಾರೆ ಅಂದೆ. ಅವರು ಐದಕ್ಕೆ ಏಳುವವರು ಅಂತ ನನಗೆ ಗೊತ್ತಿತ್ತು. ನಿಜ ಹೇಳುತ್ತೇನೆ, ಆ ಮನುಷ್ಯ ಒಂದು ದಿನವಾದರೂ ತಪ್ಪಾಗಿರಲಿ ಅನ್ನಿಸಿತು. ಒಂದೇ ಒಂದು ದಿನ. ಸೋಮವಾರ ಮಾಡಿದರಾಯಿತು ಅಂದುಕೊಂಡೆ.

ಸೋಮವಾರ ಅವರು ಕಾರ್ಖಾನೆಗೆ ಹೋಗಿ ಬೋರ್ಡಿನ ಮೇಲೆ ಬರೆದರಂತೆ. 'ಶನಿವಾರ ನಾನು ತಪ್ಪು ಹೇಳಿದೆ. ಕಾರಣ ಸಿಗಲಿಲ್ಲ. ಇನ್ನು ನನ್ನ ಮಾತು ನಂಬಬೇಡಿ.' ಕೆಳಗೆ ಇನಿಷಿಯಲ್. ಚಮಚವನ್ನು ಲ್ಯಾಬಿನ ಹುಡುಗಿಯ ಕೈಗೆ ಕೊಟ್ಟು ಮನೆಗೆ ಬಂದುಬಿಟ್ಟರು. ಕಾರ್ಖಾನೆಯವರು ಎರಡು ಸಲ ಹೋಗಿ ಕರೆದರೂ ಬರಲಿಲ್ಲ. ನನಗೆ ಇದು ತಿಳಿದದ್ದು ಹತ್ತು ದಿನದ ಮೇಲೆ, ಆ ಹುಡುಗಿಯಿಂದಲೇ. ಅಷ್ಟು ಹೊತ್ತಿಗೆ ಹೇಳುವುದು ಹತ್ತು ಪಟ್ಟು ಕಷ್ಟವಾಗಿತ್ತು. ಈಗ ಹೇಳಿದರೆ ಹತ್ತು ದಿನ ಯಾಕೆ ಸುಮ್ಮನಿದ್ದೆ ಅಂತಾರೆ. ತಿಂಗಳಾಯಿತು, ತಿಂಗಳ ಲೆಕ್ಕ ಕೇಳ್ತಾರೆ. ಹೀಗೇ ಎರಡೂವರೆ ವರ್ಷ ನಾನು ಹೇಡಿಯಾಗಿ ಕಳೆದೆ.

ಮಧ್ಯೆ ಒಂದು ಸಲ ನಂಜನಗೂಡಿನ ಸಂತೆಯಲ್ಲಿ ಅವರ ಹೆಂಡತಿ ಸಿಕ್ಕಿದರು. ಚೀಲದಲ್ಲಿ ಊದುಬತ್ತಿಯ ಕಟ್ಟು ಕಾಣಿಸುತ್ತಿತ್ತು. ನಾನು ನೋಡಿದ್ದನ್ನು ನೋಡಿ ಅವರೇ ಹೇಳಿದರು. "ಈಗ ಅವರೇ ದಿನಾ ಹಚ್ತಾರೆ. ಇನ್ಯಾಕೆ ಪಥ್ಯ ಅಂತಾರೆ. ಹಾಲು ಕಾಯಿಸಿದ್ರೆ, ಒಡೆದಿದ್ಯಾ ನೋಡೇ ಅಂತ ನನ್ನ ಕೇಳ್ತಾರೆ. ನನ್ನ! ಬೀದಿ ಕೊನೇಲಿ ಯಾರ ಮನೇಲಿ ಸಾರಿಗೆ ಇಂಗು ಜಾಸ್ತಿಯಾಯ್ತು ಅಂತ ಹೇಳ್ತಿದ್ದೋರು."

ಆಗ ಹೇಳಬಹುದಿತ್ತು. ಅಲ್ಲೇ, ಬದನೆಕಾಯಿ ರಾಶಿಯ ಪಕ್ಕದಲ್ಲಿ. ಆರೋಗ್ಯ ನೋಡ್ಕೊಳ್ಳಿ ಅಮ್ಮಾ ಅಂದು ಬಂದೆ.

ಮೊನ್ನೆ ಬೇಸಿಗೆಯಲ್ಲಿ ಅವರಿಗೆ ಕಿಡ್ನಿ ಕೈಕೊಟ್ಟಿತು, ಮೈಸೂರಿಗೆ ಡಯಾಲಿಸಿಸ್‌ಗೆ ಓಡಾಡುತ್ತಿದ್ದಾರೆ ಅಂತ ಡಾಕ್ಟರು ಹೇಳಿದರು. ನನ್ನ ಹೆಂಡತಿ ಎರಡೂ ಜಗ್ಗುಗಳನ್ನು ತಂದು ನನ್ನ ಮುಂದೆ ಇಟ್ಟಳು. "ನೀವು ಹೋಗ್ತೀರೋ, ಇಲ್ಲಾ ಇವನ್ನ ತಗೊಂಡು ನಾನೇ ಹೋಗ್ಲೋ?"

ಹೋದೆ. ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ ಒಂದು ಚಿಪ್ಪು ರಸಬಾಳೆ ಕೊಂಡೆ. ಅಪ್ಪಟ ಇಲ್ಲೀದೇ ಸಾ ಅಂದ ಮಾರುವವನು. ಮನೆಯೊಳಗೆ ಕಾಲಿಟ್ಟರೆ ಊದುಬತ್ತಿಯ ಹೊಗೆ. ಅವರು ದಿವಾನ್ ಮಂಚದ ಮೇಲೆ ದಿಂಬಿಗೊರಗಿದ್ದರು, ಸಣ್ಣಗಾಗಿದ್ದರು, ಅಂಗಿ ಮಾತ್ರ ಬಿಳಿ. "ಬನ್ರೀ ಪರ್ಚೇಸು" ಅಂದರು.

ಕೂತವನೇ ಹೇಳಿಬಿಟ್ಟೆ. ಜಗ್ಗು, ಮಜ್ಜಿಗೆ, ಕ್ಯಾಲೆಂಡರು, ಎಲ್ಲ. "ನೀವು ಹೇಳಿದ್ದೇ ಸರಿ ಸಾರ್. ತಪ್ಪು ಓದಿದ್ದು ನಾನು."

ಅವರು ಎದ್ದು ಕೂತರು. "ಯಾವಾಗ ಗೊತ್ತಾಯ್ತು ನಿಮಗೆ?"

ಈ ಪ್ರಶ್ನೆ ಬರುತ್ತದೆ ಅಂತ ಬಸ್ಸಿನುದ್ದಕ್ಕೂ ಗೊತ್ತಿತ್ತು. ಉತ್ತರವೂ ಬಾಯಲ್ಲೇ ಇತ್ತು. ಅವರ ಕೈ ನೋಡಿದೆ. ಸೂಜಿ ಚುಚ್ಚಿ ಚುಚ್ಚಿ ಊದಿಕೊಂಡ ಕೈ.

"ನೆನ್ನೆ ಸಾರ್" ಅಂದೆ. "ಅಟ್ಟ ಗುಡಿಸ್ತಿದ್ದಾಗ ಹಳೇ ಕ್ಯಾಲೆಂಡರ್ ಸಿಕ್ತು."

ಅವರಿಗೆ ಆದ ಸಂತೋಷ! "ಲೇ, ಬಾರೇ ಇಲ್ಲಿ! ನಾನು ಸರಿಯಾಗೇ ಹೇಳಿದ್ದೆ ಕಣೇ! ಅಣಬೆ ಇತ್ತು ಕಣೇ ಅದರಲ್ಲಿ, ತರಗೆಲೆ ಇತ್ತು! ಮೊದಲು ಆ ಊದುಬತ್ತಿ ಆರಿಸು!" ಅಂತ ಕೂಗಿದರು. ಎಸ್ಸೆಸ್ಸೆಲ್ಸಿ ಪಾಸಾದ ಮಕ್ಕಳ ಹಾಗೆ. ಹೆಂಡತಿ ಓಡಿಬಂದು ಊದುಬತ್ತಿಯನ್ನು ನೀರಿಗೆ ಅದ್ದಿದರು, ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಕಿಟಕಿ ತೆಗೆಸಿ, ಹೊಗೆ ಹೋಗುವ ತನಕ ಕಾದು, ಅವರು ಒಂದು ಬಾಳೆಹಣ್ಣು ಎತ್ತಿಕೊಂಡು ತೊಟ್ಟಿಗೆ ಮೂಗಿಟ್ಟರು. ಬಹಳ ಹೊತ್ತು ಇಟ್ಟಿದ್ದರು. ನನ್ನ ಕಡೆ ಅಂಜುತ್ತಾ ನೋಡಿದರು. ಅವರು ಅಂಜಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಇದು... ನಮ್ಮ ಮಣ್ಣಿಂದಲ್ಲ ಅನ್ಸುತ್ತೆ. ಅಲ್ವೇ?"

ವಾಪಸ್ ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಹಣ್ಣಿನವನನ್ನು ಹಿಡಿದು ನಿಲ್ಲಿಸಿದೆ. ಮೊದಲು ಹಾರಾಡಿದ. ಆಮೇಲೆ, "ಗುಂಡ್ಲುಪೇಟೆ ಕಡೆಯಿಂದ ಬಂದುದ್ದು ಸಾ, ಈಗ ಇಲ್ಲೆಲ್ಲೈತೆ ಅಣ್ಣು?" ಅಂದ. ಅಲ್ಲಿಂದಲೇ ಅವರಿಗೆ ಫೋನ್ ಮಾಡಿ ಹೇಳಿದೆ. ಆ ಫೋನು ಮಾತ್ರ ನಾನು ತಡಮಾಡದೆ ಮಾಡಿದ್ದು. ಮೂಗು ಎಲ್ಲೂ ಹೋಗಿರಲಿಲ್ಲ. ಎರಡೂವರೆ ವರ್ಷ ಊದುಬತ್ತಿ ಹೊಗೆಯ ಹಿಂದೆ ಸುಮ್ಮನೆ ಕೂತಿತ್ತು, ಕೂರಿಸಿದವನು ನಾನು.

ಇಪ್ಪತ್ತಮೂರು ದಿನದ ಮೇಲೆ ಹೋಗಿಬಿಟ್ಟರು.

ವೈಕುಂಠ ಸಮಾರಾಧನೆಗೆ ಹೋಗಿದ್ದೆ. ಅವರ ಫೋಟೋ ಮುಂದೆ ದೀಪ ಇತ್ತು, ತುಳಸಿ ಇತ್ತು. ಊದುಬತ್ತಿ ಇರಲಿಲ್ಲ. ಬೇಡ ಅಂತ ಕಟ್ಟಪ್ಪಣೆ ಮಾಡಿ ಹೋಗಿದ್ದರಂತೆ. ಕಳಲೆಯಿಂದ ಅವರ ತಮ್ಮ ಬಂದಿದ್ದರು. ಆ ತಮ್ಮನಿಗೆ ಅತ್ತಿಗೆಯೇ ನನ್ನನ್ನು ಮುಂದಕ್ಕೆ ಕರೆದು ತೋರಿಸಿದರು.

"ಇವರೇ ಕಣಪ್ಪಾ, ನಿಮ್ಮಣ್ಣ ದಿನಾ ಹೇಳ್ತಿದ್ರಲ್ಲಾ. ಗೊತ್ತಾದ ಮಾರನೇ ದಿನವೇ ಬಸ್ಸು ಹತ್ತಿ ಬಂದು ತಪ್ಪು ಒಪ್ಪಿಕೊಂಡೋರು."

ಆ ತಮ್ಮ ನನ್ನ ಎರಡೂ ಕೈ ಹಿಡಿದುಕೊಂಡರು. "ಈ ಕಾಲದಲ್ಲಿ ಯಾರು ಬರ್ತಾರೆ ಸಾರ್? ಮನುಷ್ಯ ಅಂದ್ರೆ ನಮ್ಮ ಪರ್ಚೇಸು ಅಂತಿದ್ದ ಅಣ್ಣ, ಆಸ್ಪತ್ರೇಲಿ ನರ್ಸುಗಳಿಗೂ ಹೇಳಿದಾನೆ."

ನಾನು ಕೈಮುಗಿದೆ. ಎಲೆ ಹಾಕಿದ್ದಾರೆ ಬನ್ನಿ ಅಂದರು. ಹೋಗಿ ಕೂತು, ಬಡಿಸಿದ್ದನ್ನೆಲ್ಲ ಉಂಡು ಬಂದೆ.

ಅವರ ಲ್ಯಾಬಿನ ಬೋರ್ಡಿನ ಮೇಲೆ ಬರೆಯಲು ನನಗೆ ಈಗ ಒಳಗೆ ಬಿಡುವವರಿಲ್ಲ. ಅದಕ್ಕೇ ಇಲ್ಲಿ, ಅವರು ಬರೆಯುತ್ತಿದ್ದ ಹಾಗೇ ಬರೆಯುತ್ತಿದ್ದೇನೆ. ಶನಿವಾರ ನಾನು ತಪ್ಪು ಹೇಳಿದ್ದೆ. ಅದು ನನಗೆ ಭಾನುವಾರ ಬೆಳಿಗ್ಗೆ ಆರೂ ಮುಕ್ಕಾಲಿಗೇ ಗೊತ್ತಿತ್ತು.